ಹೆಸರಿನ ಮಾರಾಟ

ಕಳೆದ ಬೇಸಗೆಯಲ್ಲಿ ಒಂದು ಸಾಯಂಕಾಲ ನಾನು ಸವಳಂಗದಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ ನೆರೆಯೂರಿನ ನಾಲ್ಕೈದು ಮಂದಿ ತರುಣರು ಬಂದು ನಮಸ್ಕರಿಸಿ, ತಮ್ಮೊಳಗೆ ಎದ್ದಿರುವ ಒಂದು ವಿವಾದವನ್ನು ನಾನು ತೀರ್ಮಾನಿಸಿ ಕೊಡಬೇಕೆಂದು ಕೇಳಿದರು. ಅವರು ಕಾಲ್ಚೆಂಡಾಟದ ಸಂಘವೊಂದನ್ನು ಕಟ್ಟಿಕೊಂಡಿರುವರು. ಆಡುವ ಸ್ಥಳ ಊರ ಮುಂದಿನ ಬಯಲು. ಅದರ ಅಂಚಿನಲ್ಲಿ ಹಳೆಯದೊಂದು ಹುಣಸೆಯ ಮರವಿರುವುದರಿಂದ ಅದನ್ನು ಎಲ್ಲರೂ ಹುಣಸೆಮರದ ಬಯಲು ಎಂದೇ ಕರೆಯುವರು. ಗೊಬ್ಬರ ಮತ್ತು ಕ್ರಿಮಿನಾಶಕಗಳ ವ್ಯಾಪಾರಿಯೊಬ್ಬರು ಅಲ್ಲಿ ಪ್ರೇಕ್ಷಕರು ಕುಳಿತುಕೊಳ್ಳಲು ಮೆಟ್ಟಿಲುಗಳನ್ನೂ, ರಾತ್ರಿಯ ಆಟಕ್ಕೆ ದೀಪದ ಕಂಬಗಳನ್ನೂ, ಒಂದು ಶೌಚಗೃಹವನ್ನೂ ಕಟ್ಟಿಸಿಕೊಡುವುದಾಗಿ ಹೇಳಿರುವರಂತೆ. ಅದಕ್ಕೆ ಅವರು ಹಾಕಿದ ನಿಬಂಧನೆ ಒಂದೇ: ಇನ್ನು ಮುಂದೆ ಬಯಲಿಗೆ ತಮ್ಮ ಅಂಗಡಿಯ ಹೆಸರಿರಬೇಕು, ಫಲಕದಲ್ಲಿ, ಪಂದ್ಯಗಳ ಕರೆಯೋಲೆಯಲ್ಲಿ, ಪತ್ರಿಕೆಗೆ ಕಳುಹಿಸುವ ಸುದ್ದಿಯಲ್ಲಿ, ಎಲ್ಲೆಡೆಯೂ. ತರುಣರಲ್ಲಿ ಅರ್ಧ ಮಂದಿ ‘ಆಗಲಿ’ ಎಂದರು. ಉಳಿದರ್ಧ ಮಂದಿ ‘ಕೂಡದು’ ಎಂದರು. ‘ಮೇಷ್ಟ್ರೇ, ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ’ ಎಂದು ಒಬ್ಬನು ಕೇಳಿದನು. ಆ ಕ್ಷಣದಲ್ಲಿ ನನಗೆ ಉತ್ತರ ತೋರಲಿಲ್ಲ. ಒಂದು ವಾರದ ಅವಧಿಯನ್ನು ಬೇಡಿ ಅವರನ್ನು ಕಳುಹಿಸಿಕೊಟ್ಟೆನು. ಆ ವಾರದಲ್ಲಿ ವಿಚಾರಮಾಡಿದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಈ ಪ್ರಶ್ನೆ ಒಂದು ಹಳ್ಳಿಯ ಬಯಲಿನದು ಮಾತ್ರವಲ್ಲ. ಕಾಲ್ಚೆಂಡಾಟ ದೊಡ್ಡ ಉದ್ಯಮವಾಗಿ ಬೆಳೆದಿರುವ ದೇಶಗಳಲ್ಲಿ ಕ್ರೀಡಾಂಗಣದ ಹೆಸರು ಈಗ ಬೆಲೆಯುಳ್ಳ ಸರಕಾಗಿದೆ. ಜರ್ಮನಿಯ ಡಾರ್ಟ್‌ಮುಂಡ್ ನಗರದ ಕ್ಲಬ್ಬು ಸಾಲದಲ್ಲಿ ಮುಳುಗಿದ್ದಾಗ, 2005ರಲ್ಲಿ, ತನ್ನ ನಾಡಿನ ಹೆಸರನ್ನು ಹೊತ್ತಿದ್ದ ವೆಸ್ಟ್‌ಫಾಲೆನ್ ಕ್ರೀಡಾಂಗಣಕ್ಕೆ ಒಂದು ವಿಮಾ ಸಂಸ್ಥೆಯ ಹೆಸರನ್ನು ಇಟ್ಟಿತು. ಲಂಡನ್ನಿನ ಆರ್ಸೆನಲ್ ಕ್ಲಬ್ಬು 1913ರಿಂದ ಆಡುತ್ತಿದ್ದ ಹೈಬರಿಯನ್ನು ಬಿಟ್ಟು 2006ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋದಾಗ ಅದಕ್ಕೆ ಒಂದು ವಿಮಾನ ಸಂಸ್ಥೆಯ ಹೆಸರು ಬಂದಿತು. 2022ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬು ತನ್ನ ಕ್ಯಾಂಪ್ ನೌ ಎಂಬ ಹೆಸರಿನ ಮುಂದೆ ಸಂಗೀತವನ್ನು ಒದಗಿಸುವ ಸ್ಪಾಟಿಫೈ ಎಂಬ ಸಂಸ್ಥೆಯ ಹೆಸರನ್ನು ಕೂಡಿಸಿಕೊಂಡಿತು. ನಮ್ಮ ನಾಡಿನಲ್ಲಿ ಈ ಪದ್ಧತಿ ಕ್ರೀಡಾಂಗಣಕ್ಕಿಂತ ಮೊದಲು ರೈಲುನಿಲ್ದಾಣಕ್ಕೆ ಬಂದಿದೆ. ಬೆಂಗಳೂರಿನ ನಮ್ಮ ಮೆಟ್ರೋದ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು. ಅದರ ನಿಲ್ದಾಣಗಳಲ್ಲಿ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬ ಹೆಸರುಗಳಿವೆ. ಊರಿನ ಹೆಸರು ಹಿಂದೆ, ಹಣ ಕೊಟ್ಟವರ ಹೆಸರು ಮುಂದೆ.

ಶಾಸ್ತ್ರವಿಚಾರದಲ್ಲಿ ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಸಿದ್ಧಾಂತಕ್ಕೆ ಕೈಹಾಕಬೇಕೆಂದು ನಮ್ಮ ಗುರುಗಳು ಪಾಠಶಾಲೆಯಲ್ಲಿ ಕಲಿಸಿದರು. ಆದುದರಿಂದ ಮೊದಲು ಮಾರಬಹುದೆಂಬ ಪಕ್ಷವನ್ನು ನೋಡೋಣ.

ಮೊದಲನೆಯದಾಗಿ, ಹೆಸರೆಂಬುದು ಏನು? ವೈಯಾಕರಣರು ಶಬ್ದಗಳನ್ನು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವರು. ‘ಹಸು’ ಎಂಬುದು ಜಾತಿಯನ್ನೂ, ‘ಬಿಳಿಯದು’ ಎಂಬುದು ಗುಣವನ್ನೂ, ‘ನಡೆಯುವುದು’ ಎಂಬುದು ಕ್ರಿಯೆಯನ್ನೂ ಹೇಳುತ್ತದೆ. ಆದರೆ ಡಿತ್ಥ ಎಂಬ ಹೆಸರು ಮನುಷ್ಯನ ಯಾವ ಗುಣವನ್ನೂ ಹೇಳುವುದಿಲ್ಲ. ಇಟ್ಟವನ ಇಚ್ಛೆಯೇ ಅದಕ್ಕೆ ಆಧಾರ. ಮೈದಾನದ ಹೆಸರೂ ಹಾಗೆಯೇ. ಇಚ್ಛೆಯಿಂದ ಇಟ್ಟದ್ದನ್ನು ಇಚ್ಛೆಯಿಂದ ಬದಲಿಸಿದರೆ ಯಾರ ಗಂಟು ಹೋದಂತಾಯಿತು? ಹೆಸರು ಬದಲಾದರೆ ಹುಲ್ಲು ಬಾಡುವುದಿಲ್ಲ, ಚೆಂಡು ಉರುಳದೆ ನಿಲ್ಲುವುದಿಲ್ಲ.

ಎರಡನೆಯದಾಗಿ, ನಮ್ಮ ಹಿರಿಯರೂ ಕೆರೆ ಕಟ್ಟಿಸಿ, ದೇಗುಲ ಎತ್ತಿಸಿ, ಅಗ್ರಹಾರ ಬಿಡಿಸಿ, ಅವಕ್ಕೆ ತಮ್ಮ ಹೆಸರನ್ನೋ ತಂದೆತಾಯಿಗಳ ಹೆಸರನ್ನೋ ಇಟ್ಟರು. ಕಲ್ಲಿನ ಮೇಲೆ ಕೆತ್ತಿಸಿದರು. ಕೀರ್ತಿಯ ಆಸೆ ಅವರಿಗೂ ಇದ್ದಿತು. ಕೋನಪ್ಪನ ಅಗ್ರಹಾರವೆಂಬ ಹೆಸರಿನಲ್ಲಿಯೇ ಒಬ್ಬ ಮನುಷ್ಯನ ಹೆಸರಿದೆಯಲ್ಲ. ಕೋನಪ್ಪನಿಗೆ ಸಲ್ಲುವ ಮರ್ಯಾದೆ ಈ ಕಾಲದ ಪ್ರತಿಷ್ಠಾನಕ್ಕೆ ಏಕೆ ಸಲ್ಲಬಾರದು? ಆ ನಿಲ್ದಾಣಕ್ಕಾಗಿ 200 ಕೋಟಿ ರೂಪಾಯಿಗಳನ್ನು ಕೊಡುವೆವೆಂದು ಪ್ರತಿಷ್ಠಾನವು 2018ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದು ಸಣ್ಣ ಮೊತ್ತವಲ್ಲ.

ಮೂರನೆಯದಾಗಿ, ಅಗತ್ಯ. ಕಾಲಿಗೆ ಬೂಟಿಲ್ಲದೆ ಆಡುವ ಹುಡುಗನಿಗೂ, ಶೌಚಗೃಹವಿಲ್ಲವೆಂದು ಪಂದ್ಯ ನೋಡಲು ಬಾರದ ಹೆಣ್ಣುಮಗಳಿಗೂ ಹಳೆಯ ಹೆಸರಿನಿಂದ ಆಗುವ ಉಪಕಾರವೇನು?

ನಾಲ್ಕನೆಯದಾಗಿ, ಫಲಕದಲ್ಲಿ ಏನೇ ಬರೆದರೂ ಜನರು ಬಾಯಲ್ಲಿ ಹಳೆಯ ಹೆಸರನ್ನೇ ಹೇಳುವರು. ಅಂದ ಮೇಲೆ ನಷ್ಟವೇ ಇಲ್ಲ. ಲಾಭ ಮಾತ್ರ ಉಂಟು.

ಈ ನಾಲ್ಕು ಮಾತುಗಳೂ ಹಗುರವಾದುವಲ್ಲ. ಇವಕ್ಕೆ ಉತ್ತರವನ್ನು ಹುಡುಕುವಾಗ ನನಗೆ ದೂರದ ಡಾರ್ಟ್‌ಮುಂಡಿಗಿಂತ ಮೊದಲು ನೆನಪಾದದ್ದು ನಮ್ಮ ಸೀಮೆಯ ಚನ್ನಗಿರಿಯ ಬಳಿಯ ಸೂಳೆಕೆರೆ. ಎರಡು ಗುಡ್ಡಗಳ ನಡುವೆ ಏರಿಯನ್ನು ಹಾಕಿ ಹರಿದ್ರಾ ಹೊಳೆಯನ್ನು ತಡೆದಿರುವ ಆ ಮಹಾತಟಾಕವನ್ನು ನೋಡದವರು ಈ ಕಡೆ ಕಡಿಮೆ. ಅದರ ಐತಿಹ್ಯವನ್ನು ಹಿರಿಯರು ಹೀಗೆ ಹೇಳುವರು. ಈಗ ನೀರು ನಿಂತಿರುವ ಸ್ಥಳದಲ್ಲಿ ಹಿಂದೆ ಸ್ವರ್ಗಾವತಿಯೆಂಬ ಪಟ್ಟಣವಿದ್ದಿತು; ಅಲ್ಲಿಯ ಅರಸು ವಿಕ್ರಮರಾಯ; ಅವನ ಮಗಳು ಶಾಂತವ್ವೆ. ತನ್ನ ಮೇಲೆ ಬಂದ ಒಂದು ದೋಷದ ಪರಿಹಾರಕ್ಕಾಗಿ ಅವಳು ಕೆರೆಯನ್ನು ಕಟ್ಟಿಸಲು ಸಂಕಲ್ಪಿಸಿದಳು. ಆದರೆ ನೀರು ನಿಲ್ಲಬೇಕಾದ ಸ್ಥಳದಲ್ಲಿ ವೇಶ್ಯಾಸ್ತ್ರೀಯರ ಮನೆಗಳಿದ್ದುವು. ಕೆರೆಗೆ ತಮ್ಮ ಹೆಸರನ್ನು ಇಡುವುದಾದರೆ ಮಾತ್ರ ಮನೆಗಳನ್ನು ಬಿಟ್ಟುಕೊಡುವೆವೆಂದು ಅವರು ಹೇಳಿದರು. ರಾಜಪುತ್ರಿಯು ಒಪ್ಪಿದಳು. ಅಂದಿನಿಂದ ಅದು ಸೂಳೆಕೆರೆ.

ವಾಚಕರು ಗಮನಿಸಬೇಕು: ಇದೂ ಹೆಸರಿನ ಮಾರಾಟವೇ. ಸ್ಥಳಕ್ಕೆ ಬದಲಾಗಿ ಹೆಸರು, ಕರಾರು ಸ್ಪಷ್ಟವಾದದ್ದು. ಹೀಗಿರುವಾಗ ‘ಹೆಸರನ್ನು ಮಾರುವುದೇ ಪಾಪ’ ಎಂದು ಸಾರಾಸಗಟಾಗಿ ಹೇಳುವುದು ನಮ್ಮ ಸೀಮೆಯವನಿಗೆ ಒಪ್ಪುವ ಮಾತಲ್ಲ. ಆದರೂ ಈ ಕಥೆಯನ್ನು ಕೇಳಿದಾಗ ನಮಗೆ ಅಸಹ್ಯವಾಗುವುದಿಲ್ಲ, ತಲೆಬಾಗಬೇಕೆನಿಸುತ್ತದೆ. ಗೊಬ್ಬರದಂಗಡಿಯ ಫಲಕವನ್ನು ನೆನೆದರೆ ಹಾಗೆನಿಸುವುದಿಲ್ಲ. ಈ ಭೇದಕ್ಕೆ ಕಾರಣವೇನು? ಅದನ್ನು ಕಂಡುಕೊಂಡರೆ ನಮ್ಮ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಂತೆ.

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಯಾಗದ ವಿಚಾರ ಬರುತ್ತದೆ. ಆ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡತಕ್ಕದ್ದು. ಹಾಗಾದರೆ ‘ನನ್ನ ತಂದೆ, ನನ್ನ ತಾಯಿ’ ಎಂದು ಹೇಳುತ್ತೇವಲ್ಲ, ಅವರನ್ನೂ ಕೊಡಬೇಕೇ ಎಂಬ ಪ್ರಶ್ನೆ ಹುಟ್ಟುತ್ತದೆ. ಇಲ್ಲವೆಂದು ನಿರ್ಣಯ. ‘ನನ್ನ’ ಎಂಬ ಶಬ್ದಕ್ಕೆ ಸಂಬಂಧವೆಂದೂ ಅರ್ಥ, ಸ್ವಾಮ್ಯವೆಂದೂ ಅರ್ಥ. ತಂದೆಯು ನನ್ನವನಾದರೂ ನನ್ನ ಸ್ವತ್ತಲ್ಲ. ಮುಂದೆ ಇನ್ನೊಂದು ಪ್ರಶ್ನೆ: ರಾಜನು ಯಾಗ ಮಾಡಿದರೆ ಭೂಮಂಡಲವನ್ನೆಲ್ಲ ಕೊಟ್ಟುಬಿಡಬಹುದೇ? ಅದೂ ಕೂಡದು. ರಾಜನು ಭೂಮಿಯನ್ನು ಪಾಲಿಸತಕ್ಕವನು. ಭೂಮಿಯಾದರೋ ಅದರ ಮೇಲೆ ನಡೆಯುವ ಎಲ್ಲರಿಗೂ ಸಮಾನವಾದದ್ದು. ತನ್ನದಲ್ಲದ್ದನ್ನು ಕೊಡಲು ಅಧಿಕಾರವಿಲ್ಲ, ಕೊಟ್ಟರೂ ಅದು ದಾನವಾಗುವುದಿಲ್ಲ ಎಂಬುದು ಅಲ್ಲಿಯ ನ್ಯಾಯ. ದಾನಕ್ಕೆ ಹೇಳಿದ್ದು ಮಾರಾಟಕ್ಕೂ ಸಲ್ಲಬೇಕಷ್ಟೆ.

ಈಗ ‘ನಮ್ಮ ಮೈದಾನ’ ಎಂಬ ಮಾತನ್ನು ಪರೀಕ್ಷಿಸೋಣ. ಸಂಘದ ಕಾರ್ಯದರ್ಶಿಯು ಈ ಮಾತನ್ನು ಆಡುವನು. ಗೋಲಿನ ಹಿಂದೆ ನಿಂತು ಕೂಗುವ ಕೂಲಿಕಾರನೂ ಆಡುವನು. ಕಾರ್ಯದರ್ಶಿಯ ಕೈಯಲ್ಲಿ ಬೀಗದ ಕೈಯೂ ಲೆಕ್ಕದ ಪುಸ್ತಕವೂ ಇರಬಹುದು. ಆದರೆ ಹೆಸರು? ಡಿತ್ಥನಿಗೆ ಹೆಸರಿಟ್ಟವನ ಇಚ್ಛೆ ಆದಿಯಲ್ಲಿ ಆಧಾರವಾದದ್ದು ನಿಜ. ಆ ಬಳಿಕ ಆ ಹೆಸರು ಬದುಕುವುದು ಇಟ್ಟವನ ಇಚ್ಛೆಯಿಂದಲ್ಲ, ಕರೆಯುವವರ ವ್ಯವಹಾರದಿಂದ. ಮಗುವು ಶಬ್ದದ ಅರ್ಥವನ್ನು ಕಲಿಯುವುದು ವೃದ್ಧವ್ಯವಹಾರದಿಂದ ಎಂದು ಶಾಸ್ತ್ರಕಾರರು ಹೇಳುವರು; ಹಿರಿಯರು ಮಾತನಾಡುವುದನ್ನು ಕೇಳಿ, ಅವರು ಮಾಡುವುದನ್ನು ನೋಡಿ ಕಲಿಯುತ್ತದೆ. ‘ಹುಣಸೆಮರದ ಬಯಲಿಗೆ ಹೋಗಿ ಅಣ್ಣನನ್ನು ಕರೆದುಕೊಂಡು ಬಾ’ ಎಂದು ತಾಯಿ ಮಗುವಿಗೆ ಹೇಳಿದಾಗಲೆಲ್ಲ ಆ ಹೆಸರು ಇನ್ನೊಂದು ತಲೆಮಾರಿಗೆ ಸಂದಾಯವಾಗುತ್ತದೆ. ಹೀಗೆ ನೂರು ಮಂದಿ ತಾಯಂದಿರು ಕೂಡಿ ಕಾಪಾಡಿದ್ದನ್ನು ಐದು ಮಂದಿಯ ಸಮಿತಿ ಒಂದು ಸಂಜೆ ಕುಳಿತು ಮಾರುವುದೆಂದರೆ, ಪಾಲಕನು ತಾನು ಒಡೆಯನೆಂದು ಬಗೆದಂತಲ್ಲವೇ?

ಬಾರ್ಸಿಲೋನಾದ ಉದಾಹರಣೆ ಇಲ್ಲಿ ಉಪಯುಕ್ತವಾದದ್ದು. 1957ರಲ್ಲಿ ತೆರೆದ ಆ ಕ್ರೀಡಾಂಗಣಕ್ಕೆ ಆಡಳಿತದವರು ಕ್ಲಬ್ಬಿನ ಹೆಸರನ್ನೇ ಇಟ್ಟಿದ್ದರು. ಜನರು ಮಾತ್ರ ಅದನ್ನು ‘ಹೊಸ ಮೈದಾನ’ವೆಂಬ ಅರ್ಥದಲ್ಲಿ ಕ್ಯಾಂಪ್ ನೌ ಎಂದು ಕರೆಯುತ್ತ ಬಂದರು. ನಾಲ್ಕು ದಶಕಗಳು ಕಳೆದ ಮೇಲೆ, 2001ರ ಸುಮಾರಿಗೆ, ಸದಸ್ಯರ ಮತವನ್ನು ತೆಗೆದುಕೊಂಡು ಜನರ ಬಾಯ ಹೆಸರನ್ನೇ ಅಧಿಕೃತವೆಂದು ಒಪ್ಪಿದರು. ಹೆಸರಿನ ನಿಜವಾದ ಒಡೆಯರು ಯಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 2022ರಲ್ಲಿ ಹಣದ ಮುಗ್ಗಟ್ಟು ಬಂದು ಸ್ಪಾಟಿಫೈಯೊಡನೆ ಕರಾರು ಮಾಡಿಕೊಳ್ಳುವಾಗಲೂ ಸದಸ್ಯರ ಪ್ರತಿನಿಧಿಸಭೆಯ ಒಪ್ಪಿಗೆಯನ್ನು ಪಡೆದರು. ಹಳೆಯ ಹೆಸರನ್ನು ಅಳಿಸದೆ ಉಳಿಸಿಕೊಂಡರು. ಅದು ಮೆಚ್ಚತಕ್ಕ ಕಾರ್ಯವೆಂದು ನಾನು ಹೇಳುವುದಿಲ್ಲ. ಅಧಿಕಾರವುಳ್ಳವರನ್ನು ಕೇಳಿ ಮಾಡಿದ ಕಾರ್ಯವೆಂದು ಹೇಳುವೆನು.

ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯಿತು. ಅಲ್ಲಿಯ ಕ್ಲಬ್ಬು 1892ರಿಂದ ಸೇಂಟ್ ಜೇಮ್ಸ್ ಪಾರ್ಕ್ ಎಂಬಲ್ಲಿ ಆಡುತ್ತಿದೆ. 2011ರ ನವೆಂಬರಿನಲ್ಲಿ ಮಾಲೀಕನು ಅದಕ್ಕೆ ತನ್ನ ಅಂಗಡಿಗಳ ಹೆಸರನ್ನು ಇಟ್ಟನು. ಅಭಿಮಾನಿಗಳು ಕೋಪಗೊಂಡರು. ಮರುವರ್ಷ ಅಕ್ಟೋಬರಿನಲ್ಲಿ ವೋಂಗಾ ಎಂಬ ಸಂಸ್ಥೆಯು ಪ್ರಾಯೋಜಕನಾಗಿ ಬಂದು ಹೆಸರಿನ ಹಕ್ಕನ್ನೂ ಕೊಂಡು, ಹಳೆಯ ಹೆಸರನ್ನೇ ಜನರಿಗೆ ಹಿಂದಕ್ಕೆ ಕೊಟ್ಟಿತು. ಈ ವೋಂಗಾ ಯಾರೆಂದರೆ, ತಿಂಗಳ ಸಂಬಳ ಸಾಲದ ಬಡವರಿಗೆ ವಿಪರೀತ ಬಡ್ಡಿಗೆ ಕೈಸಾಲ ಕೊಟ್ಟು ಹೆಸರು ಕೆಡಿಸಿಕೊಂಡು, 2018ರಲ್ಲಿ ಮುಳುಗಿಹೋದ ಸಂಸ್ಥೆ. ಜನರ ಸ್ವತ್ತು ಬಡ್ಡಿಯ ವ್ಯಾಪಾರಿಯ ಕೃಪೆಯಿಂದ ಜನರಿಗೆ ಹಿಂದಿರುಗಬೇಕಾಯಿತು! ಒಮ್ಮೆ ಸಂತೆಗೆ ಇಳಿಸಿದ ವಸ್ತುವನ್ನು ಯಾರು ಕೊಳ್ಳುವರು, ಕೊಂಡು ಏನು ಮಾಡುವರು ಎಂಬುದು ಮಾರಿದವನ ಕೈಯಲ್ಲಿ ಉಳಿಯುವುದಿಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 2000ದಲ್ಲಿ ತೆರೆದ ಬೇಸ್‌ಬಾಲ್ ಮೈದಾನಕ್ಕೆ ಎನ್ರಾನ್ ಸಂಸ್ಥೆಯ ಹೆಸರನ್ನು 30 ವರ್ಷಗಳ ಅವಧಿಗೆ ಇಟ್ಟಿದ್ದರು. 2001ರ ಡಿಸೆಂಬರಿನಲ್ಲಿ ಆ ಸಂಸ್ಥೆ ಲೆಕ್ಕದ ವಂಚನೆಯಿಂದ ದಿವಾಳಿಯಾಯಿತು. ಹೆಸರನ್ನು ಮಾರಿದ ತಂಡವೇ 2002ರಲ್ಲಿ 21 ಲಕ್ಷ ಡಾಲರುಗಳನ್ನು ತೆತ್ತು ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಇನ್ನು ಹಿರಿಯರ ದಾನಶಾಸನಗಳ ವಿಷಯ. ಕೆರೆ, ಬಾವಿ, ತೋಪು ಮುಂತಾದುವು ಪೂರ್ತಧರ್ಮವೆನಿಸುವುವು. ಅವುಗಳಲ್ಲಿ ಮುಖ್ಯವಾದ ಕ್ರಿಯೆ ಉತ್ಸರ್ಗ. ಅಂದರೆ ಕಟ್ಟಿಸಿದವನು ‘ಇದು ಇನ್ನು ನನ್ನದಲ್ಲ, ಸಕಲ ಪ್ರಾಣಿಗಳದು’ ಎಂದು ನೀರನ್ನು ಬಿಟ್ಟುಕೊಡುವುದು. ಹೀಗೆ ಬಿಟ್ಟುಕೊಟ್ಟವನ ಹೆಸರನ್ನು ಜನರು ಉಳಿಸಿಕೊಂಡರೆ ಅದು ಕೃತಜ್ಞತೆಯ ಗುರುತು. ಜೀರ್ಣೋದ್ಧಾರ ಮಾಡಿದವನು ತನ್ನದೊಂದು ಕಲ್ಲನ್ನು ಬೇರೆಯಾಗಿ ನಿಲ್ಲಿಸುವುದು ಮರ್ಯಾದೆ, ಮೊದಲಿನವನ ಕಲ್ಲನ್ನು ಒರಸಿ ಅದರ ಮೇಲೆ ಬರೆಯುವುದಲ್ಲ. ದಾನದ ಮಾತು ಹೀಗೆ. ವ್ಯಾಪಾರದ ಸಂಸ್ಥೆಯು ಹೆಸರಿಗಾಗಿ ಕೊಡುವ ಹಣವಾದರೋ ಪ್ರಚಾರದ ವೆಚ್ಚ. ಅವಧಿಯುಂಟು, ಕರಾರುಂಟು, ಪ್ರತಿಫಲದ ಲೆಕ್ಕವುಂಟು. ಪ್ರತ್ಯುಪಕಾರವನ್ನು ಬಯಸಿ ಕೊಟ್ಟದ್ದು ಸಾತ್ತ್ವಿಕ ದಾನವಲ್ಲವೆಂದು ಗೀತೆಯು ಹೇಳುತ್ತದೆ. ವ್ಯಾಪಾರ ಪಾಪವಲ್ಲ, ನಮ್ಮ ಸಂತೆಗಳಲ್ಲಿ ನಿತ್ಯವೂ ನಡೆಯತಕ್ಕದ್ದೇ. ಆದರೆ ವ್ಯಾಪಾರಕ್ಕೆ ದಾನದ ಶಾಲನ್ನು ಹೊದಿಸಿ ಮೆರವಣಿಗೆ ಮಾಡುವುದು ಅಸತ್ಯ.

ಅಗತ್ಯದ ವಾದ ನಿಜಕ್ಕೂ ಬಲವಾದದ್ದು. ಆಪತ್ತಿನಲ್ಲಿ ಧರ್ಮಕ್ಕೆ ಸಡಿಲಿಕೆಯುಂಟು; ಅದನ್ನು ಆಪದ್ಧರ್ಮವೆನ್ನುವರು. ಆದರೆ ಆಪತ್ತು ಕಳೆದ ಮೇಲೆ ಆಪದ್ಧರ್ಮವೂ ಕಳೆಯಬೇಕು. ಡಾರ್ಟ್‌ಮುಂಡಿನ ಕ್ಲಬ್ಬು ಸಾಲದ ಸುಳಿಯಿಂದ ಪಾರಾಯಿತು. 2011ರಲ್ಲಿಯೂ 2012ರಲ್ಲಿಯೂ ಜರ್ಮನಿಯ ಅಗ್ರಪಟ್ಟವನ್ನು ಗೆದ್ದಿತು. ಆದರೂ ಹಳೆಯ ಹೆಸರು ಫಲಕಕ್ಕೆ ಹಿಂದಿರುಗಲಿಲ್ಲ, ಕರಾರನ್ನು ಮುಂದುವರಿಸಿದರು. ಜ್ವರಕ್ಕೆಂದು ಕುಡಿದ ಕಷಾಯ ನಿತ್ಯದ ಊಟವಾಯಿತು. ಕೊಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ಬಿನ ಕಥೆಯೂ ಇದಕ್ಕೆ ಹತ್ತಿರವಾದದ್ದು. 1889ರಲ್ಲಿ ಹುಟ್ಟಿ, 1911ರಲ್ಲಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಷೀಲ್ಡನ್ನು ಗೆದ್ದ ಆ ಹೆಸರಿನ ಮುಂದೆ 2020ರಲ್ಲಿ ಹೂಡಿಕೆದಾರರ ತಂಡದ ಮೂರಕ್ಷರ ಬಂದು ಕುಳಿತುವು. ಅಭಿಮಾನಿಗಳು ಮೂರು ವರ್ಷ ಪ್ರತಿಭಟಿಸಿದರು. 2023ರ ಮಾರ್ಚಿ 18ರಂದು ಗೋವೆಯಲ್ಲಿ ನಮ್ಮ ಬೆಂಗಳೂರಿನ ತಂಡವನ್ನು ಸೋಲಿಸಿ ಕಪ್ಪನ್ನು ಗೆದ್ದ ರಾತ್ರಿಯೇ ಮಾಲೀಕರು ಆ ಅಕ್ಷರಗಳನ್ನು ತೆಗೆಯುವುದಾಗಿ ಸಾರಿದರು. ತೆಗೆದರು, ಅದರ ಬದಲಿಗೆ ಹಿಂದುಗಡೆ ಇನ್ನೊಂದು ಹೆಸರನ್ನು ಸೇರಿಸಿದರು.

ಕೊನೆಯ ವಾದ, ಜನರು ಹಳೆಯ ಹೆಸರನ್ನೇ ಹೇಳುವರೆಂಬುದು. ಇದಕ್ಕೆ ಉಭಯತಃಪಾಶದಂತಹ ಉತ್ತರವುಂಟು. ಹೊಸ ಹೆಸರು ಜನರ ಬಾಯಿಗೆ ಹತ್ತುವುದೋ ಹತ್ತದೋ? ಹತ್ತುವುದಾದರೆ ಹಳೆಯದು ಅಳಿಯುತ್ತದೆ. ಆಗ ನಷ್ಟವಿಲ್ಲವೆಂಬ ಮಾತು ಸುಳ್ಳು. ಹತ್ತದಿದ್ದರೆ ವ್ಯಾಪಾರಿಗೆ ನಾವು ಮಾರಿದ್ದು ಬರಿಯ ತಗಡಿನ ಫಲಕ. ಆಗ ಹೆಸರನ್ನು ಮಾರಿದೆವೆಂಬ ಮಾತು ಸುಳ್ಳು. ಮೊದಲನೆಯದರಲ್ಲಿ ಊರಿಗೆ ವಂಚನೆ, ಎರಡನೆಯದರಲ್ಲಿ ವ್ಯಾಪಾರಿಗೆ. ಎರಡೂ ಬಗೆಯಲ್ಲಿ ಲಾಭವೆಂದು ಹೇಳುವವನು ಯಾರಾದರೊಬ್ಬರಿಗೆ ಮೋಸಮಾಡಲು ಸಿದ್ಧನಾಗಿರುವನು.

ಇಷ್ಟನ್ನೆಲ್ಲ ಬರೆಯುವ ನಾನು ಕೈತೊಳೆದುಕೊಂಡವನೇನೂ ಅಲ್ಲ. ನಾನು ಮೇಷ್ಟರಾಗಿದ್ದ ಒಂದು ಶಾಲೆಯಲ್ಲಿ ಮಳೆಗಾಲ ಬಂದರೆ ಸೋರುವ ಕೊಠಡಿಯೊಂದಿತ್ತು. ಅದರ ಮುಂದೆ ಒಂದು ಸಂಪಿಗೆಯ ಮರ. ಅದನ್ನು ನೆಟ್ಟು, ಬೇಸಗೆಯಲ್ಲಿ ಬಾವಿಯಿಂದ ನೀರು ಹೊತ್ತು ಬೆಳೆಸಿದವನು ಶಾಲೆಯ ಜವಾನ. ಮಕ್ಕಳು ಆ ಕೊಠಡಿಯನ್ನು ಸಂಪಿಗೆ ಕೋಣೆ ಎಂದು ಕರೆಯುತ್ತಿದ್ದರು. ಒಬ್ಬ ವರ್ತಕರು ಕೊಠಡಿಯನ್ನು ಹೊಸದಾಗಿ ಕಟ್ಟಿಸಿಕೊಡಲು ಮುಂದೆ ಬಂದರು. ಬಾಗಿಲ ಮೇಲೆ ತಮ್ಮ ಅಂಗಡಿಯ ಹೆಸರನ್ನು ಕೆತ್ತಿಸಬೇಕು, ಮಕ್ಕಳು ಹಾಗೆಯೇ ಕರೆಯಬೇಕು ಎಂದರು. ನಾನು ಎರಡನೆಯ ಮಾತಿಲ್ಲದೆ ಒಪ್ಪಿದೆನು. ‘ಸಂಪಿಗೆ ಕೋಣೆ’ ಎಂದ ಮಕ್ಕಳನ್ನು ತಿದ್ದಿದವನೂ ನಾನೇ. ನಾಲ್ಕು ವರ್ಷಗಳಲ್ಲಿ ಹಳೆಯ ಹೆಸರನ್ನು ಬಲ್ಲ ಮಗು ಶಾಲೆಯಲ್ಲಿ ಉಳಿಯಲಿಲ್ಲ. ನಿವೃತ್ತನಾಗಿದ್ದ ಆ ಜವಾನನು ಒಂದು ದಿನ ಬಂದು, ಬಾಗಿಲ ಮೇಲಿನ ಕಲ್ಲನ್ನು ನಿಧಾನವಾಗಿ ಓದಿ, ‘ಒಳ್ಳೇದಾಯ್ತು ಬಿಡಿ ಮೇಷ್ಟ್ರೇ, ಇನ್ನು ಸೋರಲ್ಲ’ ಎಂದು ಹೇಳಿ ಹೊರಟುಹೋದನು. ಕೊಠಡಿ ಸೋರದಿರುವುದು ದೊಡ್ಡ ಪುಣ್ಯ. ಅದಕ್ಕಾಗಿ ನಾನು ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಅವನನ್ನು ಒಂದು ಮಾತು ಕೇಳಬಹುದಾಗಿತ್ತು; ವರ್ತಕರೊಡನೆ ಒಂದು ಮಾತು ಜಗ್ಗಬಹುದಾಗಿತ್ತು. ನಾನು ಎರಡನ್ನೂ ಮಾಡಲಿಲ್ಲ. ನನ್ನದಲ್ಲದ್ದನ್ನು ನಾನು ಉದಾರವಾಗಿ ಕೊಟ್ಟುಬಿಟ್ಟೆನು.

ಆದಕಾರಣ ನಾನು ಕಂಡುಕೊಂಡ ನಿರ್ಣಯ ಇದು. ಹೆಸರಿನ ಮಾರಾಟಕ್ಕೆ ಮೂರು ಪರೀಕ್ಷೆಗಳುಂಟು: ಸ್ವತ್ವ, ಸಮ್ಮತಿ, ಸತ್ಯ. ಮಾರುವವನಿಗೆ ಆ ಹೆಸರು ಸ್ವತ್ತೇ? ಅದನ್ನು ಬಾಳಿಸಿದವರು ಒಪ್ಪಿದರೇ? ಕೊಟ್ಟುಕೊಂಡದ್ದನ್ನು ಇದ್ದಂತೆ ಹೇಳಿದರೇ? ಸೂಳೆಕೆರೆಯನ್ನು ಈ ಒರೆಗೆ ಹಚ್ಚಿ ನೋಡಿರಿ. ಕೆರೆ ಹೊಸದು, ಅಳಿಸತಕ್ಕ ಹಳೆಯ ಹೆಸರು ಅದಕ್ಕಿರಲಿಲ್ಲ, ಹೆಸರಿಡುವ ಅಧಿಕಾರ ಕಟ್ಟಿಸಿದ ಶಾಂತವ್ವೆಯದು, ಅವಳು ಬಿಟ್ಟುಕೊಟ್ಟದ್ದು ತನ್ನ ಕೀರ್ತಿಯನ್ನೇ. ಕೊಂಡವರಾದರೋ ಪೆಟ್ಟಿಗೆಯಲ್ಲಿ ಮಿಕ್ಕ ಹಣವನ್ನು ಕೊಡಲಿಲ್ಲ, ತಲೆಯ ಮೇಲಿನ ಸೂರನ್ನು ಕೊಟ್ಟರು. ಲೋಕವು ಬೈಗುಳಾಗಿ ಬಳಸುವ ತಮ್ಮ ಹೆಸರನ್ನೇ, ಬಣ್ಣ ಹಚ್ಚದೆ, ನೀರಿನ ಮೇಲೆ ಬರೆಸಿದರು. ಮೂರು ಪರೀಕ್ಷೆಗಳಲ್ಲಿಯೂ ಆ ಕರಾರು ಗೆದ್ದಿತು. ಆಮೇಲಿನವರು ನಾಚಿಕೊಂಡು ಶಾಂತಿಸಾಗರವೆಂಬ ಸೊಗಸಾದ ಹೆಸರನ್ನು ಕಾಗದಪತ್ರಗಳಲ್ಲಿ ಬರೆದರು. ನಮ್ಮ ಕಡೆಯ ಒಕ್ಕಲಿಗನು ಇಂದಿಗೂ ‘ಸೂಳೆಕೆರೆ ತುಂಬಿತು’ ಎಂದೇ ಹೇಳುವನು. ಅರಸುಮಗಳು ಕೊಟ್ಟ ಮಾತನ್ನು ಅಕ್ಷರ ಬಾರದವರು ನಡೆಸಿಕೊಂಡು ಬಂದಿರುವರು.

ಈ ಒರೆಗಲ್ಲಿನಿಂದ ಉಳಿದ ಸಂದರ್ಭಗಳನ್ನೂ ಅಳೆಯಬಹುದು. ಹೊಸದಾಗಿ ಕಟ್ಟಿದ, ಇನ್ನೂ ಯಾರ ಬಾಯಲ್ಲಿಯೂ ನೆಲೆಸದ ಕ್ರೀಡಾಂಗಣಕ್ಕೆ ಹಣ ಕೊಟ್ಟವರ ಹೆಸರಿದ್ದರೆ ಹೆಚ್ಚಿನ ದೋಷವಿಲ್ಲ. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಮಾರುವುದು ಸಮಿತಿಗೆ ಸಲ್ಲದು. ಬೆಂಗಳೂರಿನ ಕಾಲ್ಚೆಂಡಿನ ಕ್ಲಬ್ಬು 2014ರಿಂದ ಆಡುತ್ತ ಬಂದ ಶ್ರೀ ಕಂಠೀರವ ಕ್ರೀಡಾಂಗಣ ಸರ್ಕಾರದ್ದು. ಕ್ಲಬ್ಬು ಅಲ್ಲಿ ಒಕ್ಕಲಿದ್ದಂತೆ. ಮೈಸೂರಿನ ರಣಧೀರ ಕಂಠೀರವನನ್ನು ನೆನಪಿಗೆ ತರುವ ಆ ಹೆಸರಿನ ಮೇಲೆ ಕ್ಲಬ್ಬಿಗೆ ಸ್ವತ್ವವಿಲ್ಲ. ಸರ್ಕಾರಕ್ಕಿರುವುದೂ ವಿಶ್ವಜಿತ್ತಿನ ರಾಜನಿಗೆ ಭೂಮಿಯ ಮೇಲಿದ್ದಷ್ಟೇ ಅಧಿಕಾರ. ಹೆಸರು ಎಂದಿಗೂ ಬದಲಾಗಕೂಡದೆಂಬುದು ನನ್ನ ಹಟವಲ್ಲ. 1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾಯಿತು. ಜನರು ಬಯಸಿದರು, ಆಯಿತು. ಯಾರೂ ಹಣ ಕೊಡಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮ ಸವಳಂಗವು ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಬಂದಿತು. ಹೊನ್ನಾಳಿ ತಾಲ್ಲೂಕಿನಲ್ಲಿದ್ದದ್ದು ಈಗ ನ್ಯಾಮತಿ ತಾಲ್ಲೂಕಿನದಾಗಿದೆ. ಆದರೆ ಶಿವಮೊಗ್ಗ ಪೇಟೆಯಲ್ಲಿ ಇತ್ತ ಬರುವ ರಸ್ತೆಯನ್ನು ಇಂದಿಗೂ ಸವಳಂಗ ರಸ್ತೆ ಎನ್ನುವರು. ಆ ಹೆಸರಿಗೆ ನಾವು ಬಿಡಿಗಾಸನ್ನೂ ಕೊಟ್ಟಿಲ್ಲ. ಇತ್ತ ಬರುವವನಿಗೆ ಅದು ದಾರಿ ತೋರುತ್ತದೆ, ಅಷ್ಟೆ. ಹೆಸರಿನ ಮೊದಲ ಕೆಲಸವೂ ಅದೇ ಅಲ್ಲವೇ?

ವಾರ ಕಳೆದು ತರುಣರು ಬಂದಾಗ ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ‘ಬಯಲಿನ ಹೆಸರು ನಿಮ್ಮದಲ್ಲಪ್ಪ, ಊರಿನದು, ಊರನ್ನು ಕೇಳಿ. ನೀವು ಕಟ್ಟಿಸುವ ಮೆಟ್ಟಿಲಿಗೆ ಬೇಕಾದರೆ ಅವರ ಹೆಸರನ್ನಿಡಿ. ಇಷ್ಟು ವರ್ಷಕ್ಕೆ ಎಂದು ಬರೆದುಕೊಳ್ಳಿ. ಅದನ್ನು ಧರ್ಮವೆಂದು ಕರೆಯಬೇಡಿ, ಜಾಹೀರಾತೆಂದು ಕರೆಯಿರಿ’ ಎಂದಷ್ಟೇ ಹೇಳಿದೆನು. ಅವರು ಊರವರನ್ನು ಸೇರಿಸಿ ಕೇಳಿದರು. ಬಯಲಿನ ಹೆಸರು ಹಾಗೆಯೇ ಇರಲಿ, ಮೆಟ್ಟಿಲಿಗೆ ಹತ್ತು ವರ್ಷ ಅಂಗಡಿಯ ಹೆಸರಿರಲಿ ಎಂದು ಊರವರು ಒಪ್ಪಿದರು. ವ್ಯಾಪಾರಿಗಳು ಕೋಪಿಸಿಕೊಳ್ಳಲಿಲ್ಲ, ಆದರೆ ಅಷ್ಟಕ್ಕೆ ಕೊಡಬಹುದಾದದ್ದು ಇಷ್ಟೇ ಎಂದು ಮೊತ್ತವನ್ನು ತಗ್ಗಿಸಿದರು. ಅದೂ ನ್ಯಾಯವೇ. ಮೆಟ್ಟಿಲುಗಳೂ ಶೌಚಗೃಹವೂ ಆದುವು. ದೀಪದ ಕಂಬಗಳಿಗೆ ಹಣ ಸಾಲಲಿಲ್ಲ. ಹೀಗಾಗಿ ನನ್ನ ಮಾತಿನಿಂದ ಆ ಹುಡುಗರಿಗೆ ನಷ್ಟವಾದದ್ದುಂಟು. ಅದನ್ನು ಇಲ್ಲಿ ಮರೆಮಾಚಲಾರೆನು. ಹುಣಸೆಮರದ ಬಯಲಿನಲ್ಲಿ ಅವರು ಇನ್ನೂ ಹೊತ್ತು ಮುಳುಗುವವರೆಗೆ ಮಾತ್ರ ಆಡುತ್ತಿದ್ದಾರೆ.